ಪಡುವಣ ಗೋಡೆಯೂ ಹರಣಿಯೂ: ನನ್ನ ಅನುಭವ

ನಮ್ಮ ಮನೆ ತೀರ್ಥಹಳ್ಳಿ ಕಡೆ. ಮಣ್ಣಿನ ಗೋಡೆ, ಮಂಗಳೂರು ಹೆಂಚು. ನಮ್ಮಲ್ಲಿ ಮಳೆ ಹೊಡೆಯುವುದು ಪಡುವಣದಿಂದ. ಹಾಗಾಗಿ ಆ ಕಡೆ ಗೋಡೆಗೆ ಮೇ ತಿಂಗಳಲ್ಲಿ ಅಡಿಕೆ ಸೋಗೆಯ ತಟ್ಟಿ ಕಟ್ಟುವುದು ಅಜ್ಜನ ಕಾಲದಿಂದಲೂ ಇದ್ದ ಕೆಲಸ. ದೀಪಾವಳಿ ಹೊತ್ತಿಗೆ ಬಿಚ್ಚಿ ಗೊಬ್ಬರದ ಗುಂಡಿಗೆ. ಕಟ್ಟೋಕೆ ಜನ ಸಿಗದ ವರ್ಷ ನಾನು ಬಣ್ಣದ ಶೀಟ್ ತಂದು ಗೋಡೆಗೇ ಒತ್ತಿ ಹೊಡೆಸಿದೆ. ಇನ್ನು ತಲೆಬಿಸಿ ಇಲ್ಲ ಅಂದುಕೊಂಡೆ.

ಎರಡನೇ ಮಳೆಗಾಲಕ್ಕೆ ಒಳಗೋಡೆಗೆ ಬೂಷ್ಟು ಹಿಡಿಯಿತು. ಕ್ಯಾಲೆಂಡರ್ ತೆಗೆದರೆ ಅದರ ಹಿಂದಿನ ಸುಣ್ಣ ಹಪ್ಪಳದ ಹಾಗೆ ಎದ್ದು ಕೈಗೆ ಬಂತು. ಶೀಟಿನ ತೂತುಗಳಿಗೆಲ್ಲ ಸಿಲಿಕೋನ್ ಬಳಿದೆ, ಉಪಯೋಗ ಆಗಲಿಲ್ಲ. ಕೊನೆಗೆ ಆರಿದ್ರಾ ಮಳೆ ಸುರಿಯುತ್ತಿದ್ದ ಒಂದು ಮಧ್ಯಾಹ್ನ ಕೊಡೆ ಹಿಡಿದು ಗೋಡೆ ಪಕ್ಕ ಅರ್ಧ ಗಂಟೆ ಸುಮ್ನೆ ನಿಂತೆ. ಹೆಂಚಿನ ಮಾಡಿನಿಂದ ಇಳಿಯುವ ನೀರು ಹಿಡಿಯೋಕೆ ಅಂಚಿಗೆ ಕಟ್ಟಿದ್ದ ತಗಡಿನ ಹರಣಿ ನಡುವೆ ಜೋತುಬಿದ್ದಿತ್ತು. ಅಲ್ಲಿ ಹಲಸಿನ ಎಲೆ ಕೊಳೆತು ತುಂಬಿ, ನೀರು ಒಳ ಅಂಚಿನಿಂದ ತುಳುಕಿ ಶೀಟಿನ ಹಿಂದಕ್ಕೆ ಇಳಿಯುತ್ತಿತ್ತು. ಇಳಿದದ್ದು ಆರೋಕೆ ಗಾಳಿಯೇ ಇಲ್ಲ. ಸೋಗೆ ತಟ್ಟಿಯಲ್ಲಿ ಗಾಳಿ ಆಡುತ್ತಿತ್ತು, ಅಲ್ವಾ? ಅದು ನನ್ನ ಲೆಕ್ಕದಲ್ಲೇ ಇರಲಿಲ್ಲ.

ಮಳೆ ಬಿಟ್ಟ ಮೇಲೆ ಮೊದಲು ಹರಣಿ. ಆ ಕಡೆ ಮಾಡು ಸುಮಾರು 28 ಚದರ ಮೀಟರ್. ದಿನಕ್ಕೆ 100 ಮಿಲಿಮೀಟರ್ ಮಳೆ ನಮ್ಮೂರಲ್ಲಿ ಸುದ್ದಿಯೇ ಅಲ್ಲ. ಅಷ್ಟು ಬಿದ್ದರೆ 2,800 ಲೀಟರ್ ಆ ಒಂದೇ ಹರಣಿಯಲ್ಲಿ ಹೋಗಬೇಕು. ಆರು ಇಂಚಿನ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿದೆ. ಸೀಳಿದ ಕೂಡಲೇ ಬಾಯಿ ಸ್ವಲ್ಪ ಒಳಗೆ ಮುದುಡುತ್ತದೆ, ಕ್ಲಾಂಪಿನಲ್ಲಿ ಕೂರಿಸುವಾಗ ಅಗಲಿಸಿಕೊಳ್ಳಬೇಕು. ಎರಡು ಅಡಿಗೊಂದು ಕ್ಲಾಂಪ್. 24 ಅಡಿ ಉದ್ದಕ್ಕೆ ಒಂದೂವರೆ ಇಂಚು ಇಳಿಜಾರು ಕೊಟ್ಟೆ. ಕಣ್ಣಳತೆ ನಂಬಲಿಲ್ಲ, ಲೆವೆಲ್ ಪೈಪಿಗೆ ನೀರು ತುಂಬಿ ಗುರುತು ಹಾಕಿದೆ. ಪೈಪಿಗೆ ಸ್ಕ್ರೂ ಹೊಡೆಯಲಿಲ್ಲ. ಬಿಸಿಲಿಗೆ ಅದು ಸುಮಾರು ಒಂದು ಸೆಂಟಿಮೀಟರ್ ಹಿಗ್ಗುತ್ತದೆ, ಬಿಗಿದು ಕಟ್ಟಿದರೆ ಡೊಂಕಾಗುತ್ತದೆ.

ಇದೊಂದನ್ನು ಒತ್ತಿ ಹೇಳುತ್ತೇನೆ: ಹೊರ ಅಂಚು ಒಳ ಅಂಚಿಗಿಂತ ಅರ್ಧ ಇಂಚು ತಗ್ಗಿರಲಿ. ಎಷ್ಟೇ ಒಳ್ಳೆ ಹರಣಿಯಾದರೂ ಒಂದು ದಿನ ತುಂಬಿ ತುಳುಕುತ್ತದೆ. ತುಳುಕಿದ್ದು ಅಂಗಳಕ್ಕೆ ಬೀಳಬೇಕು, ಗೋಡೆಗಲ್ಲ. ಒಂದು ಕೊಡಪಾನ ನೀರು ಮೇಲಿನ ತುದಿಯಲ್ಲಿ ಸುರಿದು ನೋಡಿದೆ. ನಡುವೆ ಒಂದು ಕಡೆ ನಿಂತಿತು. ಎರಡು ಕ್ಲಾಂಪ್ ಎತ್ತಿದ ಮೇಲೆ ಸಲೀಸಾಗಿ ಹೋಯಿತು.

ಗೋಡೆಯನ್ನು ಫೆಬ್ರವರಿವರೆಗೆ ಬೋಳಾಗಿಯೇ ಆರಲು ಬಿಟ್ಟೆ. ಸಿಮೆಂಟ್ ಗಿಲಾವು ಮಾಡಿಸಿ ಅಂದವರು ಜಾಸ್ತಿ. ಮಣ್ಣಿನ ಗೋಡೆಗೆ ಸಿಮೆಂಟ್ ಹೊಂದುವುದಿಲ್ಲ, ತೇವವನ್ನು ಒಳಗೇ ಹಿಡಿದಿಡುತ್ತದೆ. ಮಣ್ಣೇ ಮೆತ್ತಿಸಿ ಸುಣ್ಣ ಹೊಡೆದೆ. ಶೀಟ್ ಹಳೆಯದೇ. ಆದರೆ ಈ ಸಲ ಗೋಡೆಯಿಂದ ಎರಡು ಇಂಚು ದೂರಕ್ಕೆ ಜಿಐ ಪೈಪಿನ ಚೌಕಟ್ಟು ನಿಲ್ಲಿಸಿ ಅದಕ್ಕೆ ಹೊಡೆಸಿದೆ. ಮೇಲೆ ಮೂರು ಇಂಚು ಸಂದು, ಕೆಳಗೂ ಸಂದು. ಇಲಿ, ಹಾವು ಸೇರಬಾರದೆಂದು ಕೆಳಗಿನದಕ್ಕೆ ಮಾತ್ರ ಜಾಲರಿ.

ಅದೇ ಜಾಲರಿಯನ್ನು ಹರಣಿಯ ಬಾಯಿಗೂ ಹಾಕಿ ನೋಡಿದೆ. ಹಲಸಿನ ಎಲೆ ಅದರ ಮೇಲೇ ಚಾಪೆ ಹಾಸಿದ ಹಾಗೆ ಕೂತಿತು, ನೀರು ಎಲೆ ಮೇಲಿಂದ ಹಾರಿಹೋಯಿತು. ಕಿತ್ತು ಎಸೆದೆ. ಈಗ ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಏಣಿ ಹತ್ತಿ ಕೈಯಲ್ಲೇ ಬಾಚುತ್ತೇನೆ.