ರಾತ್ರಿ ಛಾಯಾಗ್ರಹಣಕ್ಕೆ ಪ್ರೈಮ್ ಲೆನ್ಸ್ ಆರಿಸುವ ಬಗೆ

ಕ್ಯಾಮೆರಾದ ಜೊತೆಗೇ ಬರುವ 18–55 ಮಿ.ಮೀ. ಜೂಮ್ ಲೆನ್ಸ್‌ಗಳಲ್ಲಿ ಹೆಚ್ಚಿನವು 55 ಮಿ.ಮೀ.ನಲ್ಲಿ ಎಫ್/5.6ಕ್ಕಿಂತ ಅಗಲವಾಗಿ ತೆರೆದುಕೊಳ್ಳುವುದಿಲ್ಲ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಒಳಬರುವ ತೆರಪು, ಅಂದರೆ ಅಪರ್ಚರ್, ಅಗಲವಾಗುತ್ತದೆ). ಅದರ ಬದಲು ಎಫ್/1.8ರ 50 ಮಿ.ಮೀ. ಪ್ರೈಮ್ ಲೆನ್ಸ್ (ಜೂಮ್ ಇಲ್ಲದ ಲೆನ್ಸ್) ಹಾಕಿದರೆ ಸೆನ್ಸರ್ ಮೇಲೆ ಒಂಬತ್ತು ಪಟ್ಟಿಗೂ ಹೆಚ್ಚು ಬೆಳಕು ಬೀಳುತ್ತದೆ; ಹೀಗಾಗಿ 1/10 ಸೆಕೆಂಡಿನಲ್ಲಿ ಕಲಸಿಹೋಗುತ್ತಿದ್ದ ನಡೆದಾಡುವವರ ಚಿತ್ರವನ್ನು ಐಎಸ್‌ಒ (ಸೆನ್ಸರ್ ಬೆಳಕಿಗೆ ಸ್ಪಂದಿಸುವ ಮಟ್ಟ) ಏರಿಸದೆಯೇ 1/100 ಸೆಕೆಂಡಿನ ಆಸುಪಾಸಿನಲ್ಲಿ ಸ್ಪಷ್ಟವಾಗಿ ಹಿಡಿಯಬಹುದು. ಸ್ಟೆಬಿಲೈಸೇಷನ್‌ನಿಂದ ಈ ಲಾಭ ಸಿಗುವುದಿಲ್ಲ, ಏಕೆಂದರೆ ಅದು ನಮ್ಮ ಕೈಯ ನಡುಕವನ್ನು ತಡೆಯುತ್ತದೆಯೇ ಹೊರತು ಎದುರಿಗಿರುವವರ ಚಲನೆಯನ್ನಲ್ಲ.

ಆದರೆ ಲೆನ್ಸ್‌ನ ಮೇಲೆ ಬರೆದಿರುವ ಅತಿ ಚಿಕ್ಕ ಎಫ್ ಸಂಖ್ಯೆಯನ್ನಷ್ಟೇ ನೋಡಿ ಕೊಳ್ಳುವುದು ಸರಿಯಲ್ಲ. ಪೂರ್ತಿ ತೆರೆದಾಗ ಬಹುತೇಕ ಲೆನ್ಸ್‌ಗಳ ಚಿತ್ರ ಸ್ವಲ್ಪ ಮೆತ್ತಗಾಗುತ್ತದೆ, ಅಂಚುಗಳು ಕಪ್ಪಾಗುತ್ತವೆ, ದೀಪಗಳ ಸುತ್ತ ನೇರಳೆ ಬಣ್ಣದ ಗೆರೆ ಮೂಡುತ್ತದೆ. ಎಫ್/1.8ಕ್ಕೂ ಎಫ್/1.4ಕ್ಕೂ ಇರುವ ಅಂತರ ಒಂದು ಸ್ಟಾಪ್‌ನ ಮೂರನೇ ಎರಡರಷ್ಟು ಮಾತ್ರ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿಯಾಗುವುದು), ಆದರೆ ತೂಕ ಮತ್ತು ಬೆಲೆಯ ಅಂತರ ಅದಕ್ಕಿಂತ ಬಹಳ ದೊಡ್ಡದು. ಸ್ಪಷ್ಟತೆಗಾಗಿ ಎಫ್/2.8ಕ್ಕೆ ಇಳಿಸಲೇಬೇಕಾದ ಎಫ್/1.2 ಲೆನ್ಸ್‌ಗಿಂತ, ಎಫ್/1.8ರಲ್ಲೇ ಧೈರ್ಯವಾಗಿ ಬಳಸಬಹುದಾದ ಲೆನ್ಸ್ ರಾತ್ರಿಯ ಕೆಲಸಕ್ಕೆ ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹಗಲಿನ ಚಿತ್ರಗಳಲ್ಲಿ ಅಷ್ಟಾಗಿ ಕಾಣದ, ರಾತ್ರಿಯಲ್ಲಿ ಮಾತ್ರ ಎದ್ದು ಕಾಣುವ ದೋಷವೆಂದರೆ ಕೋಮಾ. ಚೌಕಟ್ಟಿನ ನಡುವೆ ಚುಕ್ಕಿಯಾಗಿಯೇ ಉಳಿಯುವ ನಕ್ಷತ್ರ ಅಥವಾ ಬೀದಿದೀಪವು ಮೂಲೆಗೆ ಸರಿದಂತೆ ರೆಕ್ಕೆ ಬಿಚ್ಚಿದ ಹಕ್ಕಿಯಂತೆ ಹರಡಿಕೊಳ್ಳುತ್ತದೆ. ಕೊಳ್ಳುವ ಮುನ್ನ ಇದನ್ನು ನೀವೇ ಪರೀಕ್ಷಿಸಬಹುದು: ಕ್ಯಾಮೆರಾವನ್ನು ಟ್ರೈಪಾಡ್ ಮೇಲಿಟ್ಟು, ದೂರದ ಒಂದು ಚಿಕ್ಕ ದೀಪವನ್ನು ಚೌಕಟ್ಟಿನ ಮೂಲೆಗೆ ತಂದು, ಪೂರ್ತಿ ತೆರೆದ ಅಪರ್ಚರ್‌ನಿಂದ ಆರಂಭಿಸಿ ಎಫ್/2, ಎಫ್/2.8ರವರೆಗೆ ಒಂದೊಂದು ಚಿತ್ರ ತೆಗೆದು, ಆ ಮೂಲೆಯನ್ನು ಪರದೆಯಲ್ಲಿ ನೂರಕ್ಕೆ ನೂರರಷ್ಟು ಹಿಗ್ಗಿಸಿ ನೋಡಿರಿ. ದೀಪವು ಮತ್ತೆ ಚುಕ್ಕಿಯಾಗುವ ಸಂಖ್ಯೆ ಯಾವುದೋ, ನಿಮ್ಮ ಮಟ್ಟಿಗೆ ಆ ಲೆನ್ಸ್‌ನ ನಿಜವಾದ ಎಫ್ ಸಂಖ್ಯೆ ಅದೇ. ನಾಲ್ಕೂ ಮೂಲೆಗಳಲ್ಲಿ ಹೀಗೆ ಮಾಡುವುದು ಒಳ್ಳೆಯದು. ಮೂರು ಮೂಲೆಗಳು ಚೊಕ್ಕಟವಾಗಿದ್ದು ಒಂದು ಮಾತ್ರ ಮಸುಕಾಗಿದ್ದರೆ ಒಳಗಿನ ಗಾಜು ಓರೆಯಾಗಿ ಕುಳಿತಿರುವ ಸಾಧ್ಯತೆಯಿದೆ, ಅಂಥ ಪ್ರತಿಯನ್ನು ಬದಲಾಯಿಸಿಕೊಳ್ಳಬೇಕು.

ಫೋಕಲ್ ಲೆಂಗ್ತ್‌ನ (ಮಿ.ಮೀ.ನಲ್ಲಿ ಬರೆಯುವ ಈ ಸಂಖ್ಯೆ ಚಿಕ್ಕದಾದಷ್ಟೂ ನೋಟ ಅಗಲ) ಆಯ್ಕೆ ನೀವು ತೆಗೆಯುವ ವಸ್ತುವನ್ನು ಅವಲಂಬಿಸಿದೆ. ಫುಲ್‌ ಫ್ರೇಮ್ (ಹಳೆಯ ಫಿಲ್ಮಿನ ಅಳತೆಯ ದೊಡ್ಡ ಸೆನ್ಸರ್ ಇರುವ) ಕ್ಯಾಮೆರಾದಲ್ಲಿ ಬೀದಿಯ ಚಿತ್ರಗಳಿಗೆ 35 ಮಿ.ಮೀ., ವ್ಯಕ್ತಿಚಿತ್ರಗಳಿಗೆ 50 ಅಥವಾ 85 ಮಿ.ಮೀ., ಆಕಾಶಕ್ಕೆ 20 ಅಥವಾ 24 ಮಿ.ಮೀ. ಹೊಂದುತ್ತದೆ, ಅದಕ್ಕಿಂತ ಚಿಕ್ಕದಾದ ಎಪಿಎಸ್‌-ಸಿ ಸೆನ್ಸರ್‌ನಲ್ಲಿ ಇದೇ ನೋಟ ಬೇಕಿದ್ದರೆ ಈ ಸಂಖ್ಯೆಗಳನ್ನು ಸುಮಾರು 1.5ರಿಂದ ಭಾಗಿಸಬೇಕು. ನಕ್ಷತ್ರಗಳು ಗೆರೆಯಾಗದಂತೆ ಎಷ್ಟು ಸೆಕೆಂಡು ತೆರೆದಿಡಬಹುದು ಎಂಬುದಕ್ಕೆ 500ನ್ನು ಫೋಕಲ್ ಲೆಂಗ್ತ್‌ನಿಂದ ಭಾಗಿಸುವ ಹಳೆಯ ಲೆಕ್ಕವಿದೆ. ಅದರ ಪ್ರಕಾರ 20 ಮಿ.ಮೀ.ಗೆ 25 ಸೆಕೆಂಡು ಬರುತ್ತದೆಯಾದರೂ, ಹೆಚ್ಚು ಪಿಕ್ಸೆಲ್‌ಗಳಿರುವ ಈಗಿನ ಸೆನ್ಸರ್‌ಗಳಿಗೆ ಅದರ ಅರ್ಧದಷ್ಟೇ ಕ್ಷೇಮ.

ಅಪರ್ಚರ್ ಅಗಲವಾದಷ್ಟೂ ಫೋಕಸ್‌ನ ಆಳ ತೆಳುವಾಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಫುಲ್‌ ಫ್ರೇಮ್‌ನಲ್ಲಿ 50 ಮಿ.ಮೀ. ಲೆನ್ಸ್ ಎಫ್/1.4ರಲ್ಲಿ ಎರಡು ಮೀಟರ್ ದೂರದ ಮುಖವನ್ನು ತೆಗೆಯುವಾಗ ಸ್ಪಷ್ಟವಾಗಿರುವ ಪದರ ಸುಮಾರು 13 ಸೆಂ.ಮೀ. ಮಾತ್ರ, ಒಂದು ಮೀಟರಿಗೆ ಹತ್ತಿರ ಹೋದರೆ ಅದು ಮೂರೂವರೆ ಸೆಂ.ಮೀ.ಗಿಂತಲೂ ಕಡಿಮೆಯಾಗುತ್ತದೆ. ಆದ್ದರಿಂದ ಮಂದ ಬೆಳಕಿನಲ್ಲಿ ಆಟೋಫೋಕಸ್ ತಡಕಾಡದೆ ನಿಲ್ಲುತ್ತದೆಯೇ, ಕೈಯಿಂದ ಫೋಕಸ್ ಮಾಡುವಾಗ ಉಂಗುರ ನಯವಾಗಿ, ನಿಧಾನವಾಗಿ ತಿರುಗುತ್ತದೆಯೇ ಎಂದು ಅಂಗಡಿಯ ಪ್ರಖರ ಬೆಳಕಿನಿಂದ ಆಚೆ ಬಂದು ನೋಡುವುದು ಅಗತ್ಯ. ಈ ಎಲ್ಲ ಪರೀಕ್ಷೆಗಳಿಗೂ ಮೊದಲು ಲೆನ್ಸ್‌ನ ಮುಂದಿರುವ ರಕ್ಷಣಾ ಫಿಲ್ಟರನ್ನು ಕಳಚಿಡಿ, ಏಕೆಂದರೆ ಅದರ ಚಪ್ಪಟೆ ಗಾಜಿನಲ್ಲಿ ಪ್ರತಿಫಲಿಸಿದ ದೀಪಗಳು ಚಿತ್ರದ ಎದುರು ಬದಿಯಲ್ಲಿ ತಲೆಕೆಳಗಾದ ಮಸುಕು ಬಿಂಬಗಳಾಗಿ ಮೂಡುತ್ತವೆ, ಆ ದೋಷವನ್ನು ಲೆನ್ಸ್‌ನದೆಂದೇ ತಪ್ಪಾಗಿ ತಿಳಿಯುವ ಸಂಭವವಿದೆ.