ಬರ್ಲಿನ್ನಿನಲ್ಲಿ 60 ಯೂರೋ ದಂಡದ ಚೀಟಿ: ನಾನು ಆಕ್ಷೇಪಣೆ ಬರೆಯುವ ಬಗೆ

ಬರ್ಲಿನ್ನಿನ ರೈಲು, ಬಸ್ಸುಗಳ ಟಿಕೆಟ್ ದರಕ್ಕೆ ಎ, ಬಿ, ಸಿ ಎಂಬ ಮೂರು ವಲಯಗಳಿವೆ. ವಿಮಾನ ನಿಲ್ದಾಣ ಇರುವುದು ಸಿ ವಲಯದಲ್ಲಿ. ಊರೊಳಗಿನ ಎಬಿ ಟಿಕೆಟ್ ತೋರಿಸಿ ಅಲ್ಲಿ ಸಿಕ್ಕಿಬೀಳುವವರಲ್ಲಿ ಬೆಂಗಳೂರಿನಿಂದ ಹೊಸದಾಗಿ ಬಂದ ನಮ್ಮ ಹುಡುಗರೂ ಇರುತ್ತಾರೆ. ಸರಿಯಾದ ಟಿಕೆಟ್ ಇಲ್ಲದೆ ಪಯಣಿಸಿದ್ದಕ್ಕೆ ಕೈಗೆ ಬರುವುದು 60 ಯೂರೋ ದಂಡದ ಚೀಟಿ. ಗಾಬರಿಯಿಂದ ತಕ್ಷಣ ಕಟ್ಟುವುದೂ ಬೇಡ, ಡ್ರಾಯರಿನಲ್ಲಿಟ್ಟು ಮರೆಯುವುದೂ ಬೇಡ. ನಾನು ಮೊದಲು ಓದುವುದು ಚೆಕಿಂಗ್‌ನವರು ಬರೆದ ಕಾರಣವನ್ನು. ಪತ್ರ ನಿಲ್ಲುವುದು ಅದರ ಮೇಲೆ.

ನಿಮ್ಮ ಹೆಸರಿನ ಪಾಸ್ ಇದ್ದು ತೋರಿಸಲಾಗಲಿಲ್ಲವೆಂದರೆ ಕೆಲಸ ಸುಲಭ. ಫೋನ್ ಚಾರ್ಜ್ ಮುಗಿದು, ಜರ್ಮನಿಯಾದ್ಯಂತ ಸ್ಥಳೀಯ ರೈಲು ಬಸ್ಸುಗಳಲ್ಲಿ ನಡೆಯುವ ತಿಂಗಳ ಪಾಸಾದ ಡಾಯ್ಚ್‌ಲಾಂಡ್ ಟಿಕೆಟ್ ತೆರೆಯದೇ ಹೋದದ್ದು ಇದೇ ಗುಂಪಿಗೆ ಸೇರುತ್ತದೆ. ಚೆಕಿಂಗ್ ನಡೆದ ದಿನದಿಂದ ಒಂದು ವಾರದೊಳಗೆ, ಆ ಹೊತ್ತಿನಲ್ಲಿ ಪಾಸ್ ಊರ್ಜಿತವಾಗಿತ್ತೆಂದು ಸಾರಿಗೆ ಸಂಸ್ಥೆಗೆ ದಾಖಲೆ ಕೊಟ್ಟರೆ 60ರ ಬದಲು 7 ಯೂರೋ ಕಟ್ಟಿದರೆ ಸಾಕು. ಇದು ಅವರ ದಾಕ್ಷಿಣ್ಯವಲ್ಲ, ನಿಯಮಾವಳಿಯಲ್ಲೇ ಇರುವ ಹಕ್ಕು. ಜನ ಎಡವುವುದು ಎರಡು ಕಡೆ. ಒಂದು, ಹಣ ಕಟ್ಟಲು ಕೊಟ್ಟ ಗಡುವನ್ನೇ ಇದಕ್ಕೂ ಗಡುವೆಂದು ತಿಳಿದು ವಾರ ದಾಟಿಸುವುದು. ಇನ್ನೊಂದು, ಯಾರು ಬೇಕಾದರೂ ಬಳಸಬಹುದಾದ ತಿಂಗಳ ಪಾಸ್ ತಂದು ತೋರಿಸುವುದು. ಈ ರಿಯಾಯಿತಿ ಹೆಸರಿರುವ ಪಾಸಿಗೆ ಮಾತ್ರ. ಚೆಕಿಂಗ್ ಆದಮೇಲೆ ಕೊಂಡ ಟಿಕೆಟ್ಟಿಗೂ ಬೆಲೆಯಿಲ್ಲ. ಖರೀದಿಯ ನಿಮಿಷ ಅವರ ದಾಖಲೆಯಲ್ಲಿರುತ್ತದೆ.

ಎರಡನೆಯ ದಾರಿ ತುಸು ಕಷ್ಟದ್ದು. ಟಿಕೆಟ್ ಕೊಳ್ಳಲಾಗದ್ದಕ್ಕೆ, ಅಥವಾ ಹತ್ತುವ ಮೊದಲು ಯಂತ್ರದಲ್ಲಿ ಅದಕ್ಕೆ ದಿನ, ಹೊತ್ತಿನ ಮುದ್ರೆ ಒತ್ತಿಸಲಾಗದ್ದಕ್ಕೆ, ಪ್ರಯಾಣಿಕರು ಹೊಣೆಯಲ್ಲದ ಕಾರಣವಿದ್ದರೆ ದಂಡ ಹಾಕುವಂತಿಲ್ಲ. ಪ್ಲಾಟ್‌ಫಾರಂನ ಯಂತ್ರ ಕೆಟ್ಟಿತ್ತು, ಮುದ್ರೆಯ ಪೆಟ್ಟಿಗೆಯಲ್ಲಿ ಶಾಯಿ ಇರಲಿಲ್ಲ, ಇಂಥವು. "ಯಂತ್ರ ಕೆಟ್ಟಿತ್ತು" ಎಂಬ ಬರೀ ಮಾತು ಸಾಲದು. ಯಂತ್ರದ ಮೇಲಿನ ಸಂಖ್ಯೆ, ಪರದೆಯ ಫೋಟೋ, ನಿಲ್ದಾಣ, ಗಂಟೆ ನಿಮಿಷ ಬೇಕು. ಪಕ್ಕದಲ್ಲೇ ಸರಿಯಿರುವ ಇನ್ನೊಂದು ಯಂತ್ರವಿತ್ತೇ ಎಂದು ಅವರು ಕೇಳಿಯೇ ಕೇಳುತ್ತಾರೆ. ಆ ಉತ್ತರವನ್ನು ಮೊದಲ ಪತ್ರದಲ್ಲೇ ಬರೆದಿಡುತ್ತೇನೆ.

ವಲಯ ತಪ್ಪಿದ ಟಿಕೆಟ್ಟಿಗೆ ಈ ಎರಡೂ ಹೊಂದುವುದಿಲ್ಲ. ಅಲ್ಲಿ ಕೇಳಬೇಕಾದ್ದು "ಕುಲಾಂಟ್ಸ್", ಅಂದರೆ ಸಂಸ್ಥೆ ತಾನಾಗಿ ತೋರುವ ಸೌಜನ್ಯ. ಎಬಿ ಟಿಕೆಟ್ಟಿನ ಪ್ರತಿ, ಊರಿಗೆ ಬಂದಿಳಿದ ದಿನದ ವಿಮಾನದ ಟಿಕೆಟ್, ಹಿಂದೆ ಇಂಥ ಚೀಟಿ ಬಂದಿಲ್ಲವೆಂಬ ಒಂದು ಸಾಲು, ಇಷ್ಟು ಸಾಕು. ಗೊತ್ತಿರಲಿಲ್ಲ ಎನ್ನುವುದನ್ನು ಹಕ್ಕಿನಂತೆ ವಾದಿಸಿದರೆ ಪತ್ರ ಸೋಲುತ್ತದೆ. ತಪ್ಪನ್ನು ಒಪ್ಪಿ, ಕಟ್ಟಿದ ದರ ಇಷ್ಟು, ಕಟ್ಟಬೇಕಿದ್ದದ್ದು ಇಷ್ಟು ಎಂದು ಲೆಕ್ಕ ತೋರಿಸಿದ ಪತ್ರವನ್ನಾದರೂ ಓದುತ್ತಾರೆ. ಒಪ್ಪದಿದ್ದರೆ ಕಂತಿನಲ್ಲಿ ಕಟ್ಟಲು ಅವಕಾಶ ಕೇಳಬಹುದು. ಕೈಯಲ್ಲಿ ಕಾಸಿಲ್ಲದ ವಿದ್ಯಾರ್ಥಿಗೆ ಅದೂ ದೊಡ್ಡದೇ.

ಪತ್ರ ಒಂದೇ ಪುಟ, ಜರ್ಮನ್‌ನಲ್ಲಿ. ತಲೆಬರಹದಲ್ಲಿ ಚೀಟಿಯ ಕಡತ ಸಂಖ್ಯೆ, ದಿನಾಂಕ, ಮಾರ್ಗ. ಮೊದಲ ಸಾಲಿನಲ್ಲೇ "ವಿಡರ್‌ಷ್ಪ್ರುಖ್" ಎಂಬ ಪದ, ಅಂದರೆ ಆಕ್ಷೇಪಣೆ. ಆಮೇಲೆ ನಡೆದದ್ದು ನಾಲ್ಕು ಸಾಲು, ಲಗತ್ತುಗಳ ಪಟ್ಟಿ. ಕೊನೆಗೆ, ತೀರ್ಮಾನವಾಗುವ ತನಕ ಜ್ಞಾಪನ ಪತ್ರ ಕಳಿಸುವುದನ್ನು ತಡೆಹಿಡಿಯಿರಿ ಎಂಬ ಕೋರಿಕೆ. ಇದನ್ನು ಬಿಟ್ಟರೆ, ಆಕ್ಷೇಪಣೆ ಒಂದು ಮೇಜಿನ ಮೇಲಿರುವಾಗಲೇ ಇನ್ನೊಂದು ಮೇಜಿನಿಂದ ವಸೂಲಿ ಕಂಪನಿಗೆ ಕಡತ ಹೋಗಿ, ಅವರ ಶುಲ್ಕವೂ ಸೇರಿಕೊಳ್ಳಬಹುದು. ಆನ್‌ಲೈನ್ ಅರ್ಜಿಯಾದರೆ ಕಳಿಸಿದ ಪುಟದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಸಂಸ್ಥೆ ಎರಡು ತಿಂಗಳಾದರೂ ಉತ್ತರಿಸದಿದ್ದರೆ, ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ, ಬರ್ಲಿನ್ನಿನಲ್ಲೇ ಇರುವ ಪ್ರಯಾಣ ಮತ್ತು ಸಾರಿಗೆ ಸಂಧಾನ ಮಂಡಳಿಗೆ ದೂರು ಕೊಡಬಹುದು. ಪ್ರಯಾಣಿಕರಿಗೆ ಶುಲ್ಕವಿಲ್ಲ. ಆದರೆ ಆ ಸಂಸ್ಥೆ ಮಂಡಳಿಯ ಸದಸ್ಯನಾಗಿರಬೇಕು. ಅದನ್ನು ಮೊದಲು ನೋಡಿಕೊಳ್ಳಿ.

ಅಂಚೆಯಲ್ಲಿ ಹಳದಿ ಲಕೋಟೆ ಬಂದರೆ ಮಾತ್ರ ಅದೇ ದಿನ ಒಡೆಯಿರಿ. ಅದು ಹಣ ಕಟ್ಟಿರೆಂದು ನ್ಯಾಯಾಲಯ ಕಳಿಸುವ ಆದೇಶ. ಅಂಚೆಯವರು ಲಕೋಟೆಯ ಮೇಲೆ ಕೈಯಲ್ಲಿ ಬರೆದ ತಾರೀಖಿನಿಂದ ಆಕ್ಷೇಪಣೆಗಿರುವ ಎರಡು ವಾರ ಎಣಿಸಬೇಕು, ಹಾಗಾಗಿ ಲಕೋಟೆಯನ್ನೂ ಎಸೆಯಬಾರದು. ಒಳಗಿನ ಆಕ್ಷೇಪಣಾ ನಮೂನೆಗೆ ಕಾರಣ ಬರೆಯಬೇಕಿಲ್ಲ. ಒಟ್ಟು ಮೊತ್ತಕ್ಕೆ ಒಪ್ಪಿಗೆಯಿಲ್ಲವೆಂಬ ಚೌಕಕ್ಕೆ ಗುರುತು ಹಾಕಿ, ಸಹಿ ಮಾಡಿ, ಗಡುವಿನೊಳಗೆ ನ್ಯಾಯಾಲಯಕ್ಕೆ ತಲುಪುವಂತೆ ಕಳಿಸಿದರೆ ಆಯಿತು.