ಬಳ್ಳಾರಿಯಿಂದ ಸಂಡೂರು ಸುತ್ತಿ 200 ಕಿ.ಮೀ.: ಐದನೇ ಸಲಕ್ಕೆ ಆಯ್ತು

ಹೋದ ಸೆಪ್ಟೆಂಬರ್‌ನಲ್ಲಿ ಒಂದು ಭಾನುವಾರ ಬಳ್ಳಾರಿಯಿಂದ ಸೈಕಲ್ಲಿನಲ್ಲಿ ಹೊರಟು ತೋರಣಗಲ್ಲು, ಸಂಡೂರು, ಕುಮಾರಸ್ವಾಮಿ ಗುಡ್ಡ, ಹೊಸಪೇಟೆ, ಕಮಲಾಪುರ, ಕಂಪ್ಲಿ, ಕುರುಗೋಡು ಎಲ್ಲಾ ಸುತ್ತಿ ಅದೇ ದಿನ ಸಂಜೆ ಮನೆ ಸೇರಿದೆ. ಮೀಟರ್‌ನಲ್ಲಿ 203 ಇತ್ತು. ನಿಂತದ್ದು, ತಿಂದದ್ದು ಎಲ್ಲಾ ಸೇರಿ 12 ಗಂಟೆ 50 ನಿಮಿಷ. ಬಿಆರ್‌ಎಂ ಅಂತ ಗಡುವಿಟ್ಟು ನಡೆಸೋ ದೂರದ ಸೈಕಲ್ ಸವಾರಿಗಳಲ್ಲಿ 200ಕ್ಕೆ ಹದಿಮೂರೂವರೆ ಗಂಟೆ ಕೊಡ್ತಾರಲ್ವಾ, ನನಗೆ ಕಾರ್ಡೂ ಇಲ್ಲ ಮೆಡಲ್ಲೂ ಇಲ್ಲ, ಆದರೂ ಆ ಗಡುವಿನೊಳಗೆ ಮುಗಿಸಿದೆ.

ಇದನ್ನು ಬರೆಯೋಕೆ ಕಾರಣ ನಮ್ಮ ಬೆಳಗಿನ ಸೈಕಲ್ ಗುಂಪಿನ ಹಿರಿಯರೊಬ್ಬರು. ಮೊದಲ ಸಲ ಹೇಳಿದಾಗಲೇ ಅವರು, "ಬುದ್ಧಿ ಐತೇನಪ್ಪಾ ನಿಂಗೆ? ಅದು ಲಾರಿ ರೋಡು, ಸೈಕಲ್ ರೋಡಲ್ಲ" ಎಂದಿದ್ದರು. ನಾಲ್ಕು ಸಲ ಸೋತು ಬಂದಾಗಲೂ ಅದೇ ಮಾತು. ಅವರು ಹೇಳಿದ್ದು ಅರ್ಧ ನಿಜ. 2011ರಲ್ಲಿ ಸುಪ್ರೀಂ ಕೋರ್ಟ್ ಇಲ್ಲಿನ ಅದಿರು ಗಣಿಗಾರಿಕೆ ನಿಲ್ಲಿಸಿದಾಗ ಲಾರಿಗಳಿಲ್ಲದೆ ಆ ರಸ್ತೆಗಳು ಖಾಲಿ ಹೊಡೆಯುತ್ತಿದ್ದವು. ಆಗ ನನ್ನ ಹತ್ತಿರ ಸೈಕಲ್ಲೇ ಇರಲಿಲ್ಲ, ಏನು ಮಾಡೋದು.

ಮೊದಲನೇ ಸಲ ಜನವರಿ. ಸೆಕೆಂಡ್ ಹ್ಯಾಂಡ್ ರೋಡ್ ಬೈಕು, 42 ಸಾವಿರಕ್ಕೆ ತಗೊಂಡಿದ್ದು, 25 ಎಂಎಂ ಟೈರು. ಕುಡಿತಿನಿ ಮುಟ್ಟೋ ಹೊತ್ತಿಗೆ ಮೂರು ಪಂಕ್ಚರ್. ಎಲ್ಲಾ ಬಳ್ಳಾರಿ ಜಾಲಿ ಮುಳ್ಳು. ನಮ್ಮೂರ ಹೆಸರನ್ನೇ ಇಟ್ಟುಕೊಂಡ ಗಿಡ, ನಮಗೇ ಚುಚ್ಚುತ್ತೆ. ಲಾರಿ ಬಂದಾಗ ರಸ್ತೆ ಅಂಚಿಗೆ ಇಳಿದರೆ ಮುಗೀತು, ಅಲ್ಲೇ ಬಿದ್ದಿರುತ್ತವೆ. ಎರಡು ಟ್ಯೂಬ್ ತಂದಿದ್ದೆ, ಮೂರನೇದಕ್ಕೆ ಪ್ಯಾಚ್ ಹಾಕಿ ತಳ್ಳಿಕೊಂಡು ವಾಪಸ್.

ನನ್ನದು ಜೀನ್ಸ್ ಹೊಲಿಗೆಯ ಸಣ್ಣ ಯೂನಿಟ್. ಕಟಿಂಗ್ ಮಾಡಿ ಉಳಿದ ಚಿಂದಿ ರಾಶಿ ಬಿದ್ದಿರುತ್ತೆ. ದಪ್ಪ ಡೆನಿಮ್‌ಗೆ ಮುಳ್ಳು ಎಲ್ಲಿ ಇಳಿಯುತ್ತೆ ಅಂತ ತಲೆ ಓಡಿಸಿ, ಎರಡು ಬೆರಳು ಅಗಲದ ಪಟ್ಟಿ ಕತ್ತರಿಸಿ ಟೈರಿನ ಒಳಗೆ ಅಂಟಿಸಿದೆ. ಕೂಲಿಯೂ ಇಲ್ಲ, ಖರ್ಚೂ ಇಲ್ಲ. ಊರೊಳಗೆ ಎರಡು ವಾರ ಒಂದೂ ಪಂಕ್ಚರ್ ಆಗಲಿಲ್ಲ, ಎಲ್ಲರಿಗೂ ಹೇಳಿಕೊಂಡು ತಿರುಗಾಡಿದೆ. ಮಾರ್ಚ್‌ನಲ್ಲಿ ಎರಡನೇ ಸಲ ಹೊರಟಾಗ ತಾರಾನಗರದ ಹತ್ತಿರ ಹಿಂದಿನ ಚಕ್ರ ಠುಸ್. ಬಿಚ್ಚಿ ನೋಡಿದರೆ ಮುಳ್ಳೇ ಇಲ್ಲ! ಪಟ್ಟಿಯ ಅಂಚಿನ ಎಳೆ ಬಿಟ್ಟುಕೊಂಡು, ಬಿಸಿಗೆ ಗೋಂದು ಕರಗಿ, ಬಟ್ಟೆಯೇ ಟ್ಯೂಬನ್ನು ಉಜ್ಜಿ ಉಜ್ಜಿ ತೂತು ಮಾಡಿತ್ತು. ಹನ್ನೊಂದು ಗಂಟೆ ಬಿಸಿಲು, ನೀರು ಖಾಲಿ. ಟಂಟಂನವನಿಗೆ 800 ಕೊಟ್ಟು ಬಳ್ಳಾರಿಗೆ ಬಂದೆ. ಮನೆಯವಳು "ಅದೇ ದುಡ್ಡಲ್ಲಿ ಕಾರ್ ಮಾಡ್ಕೊಂಡು ಸಂಡೂರು ನೋಡ್ಕೊಂಡು ಬರಬಹುದಿತ್ತು ನೋಡ್ರೀ" ಎಂದಳು.

ಅದಾದ ಮೇಲೆ ಸುಮ್ನೆ ಜುಗ್ಗತನ ಬಿಟ್ಟು 28 ಎಂಎಂನ ಪಂಕ್ಚರ್ ತಡೆಯೋ ಟೈರ್ ಜೋಡಿ ತರಿಸಿದೆ, ಐದು ಸಾವಿರದ ಮೇಲೆ ಚಿಲ್ಲರೆ ಆಯ್ತು. ಟ್ಯೂಬಿನೊಳಗೆ ತೂತು ಮುಚ್ಚೋ ಸೀಲೆಂಟ್ ದ್ರವ ಬೇರೆ, ಬಾಟಲಿ 450 ಏನೋ. ಇದರ ಜೊತೆ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ, ಅದು ಟೈರಿಗಿಂತ ಜಾಸ್ತಿ ಕೆಲಸಕ್ಕೆ ಬಂತು. ಜಾಲಿ ಮುಳ್ಳು ಚುಚ್ಚಿದ ತಕ್ಷಣ ಗಾಳಿ ಬಿಡಬೇಕು ಅಂತೇನಿಲ್ಲ. ತುದಿ ಮುರಿದು ರಬ್ಬರಿನಲ್ಲೇ ಕೂತು, ಪ್ರತಿ ಸುತ್ತಿಗೂ ಒಂದಿಷ್ಟು ಒಳಗೆ ಹೋಗ್ತಾ, ಮೂರನೇ ದಿನ ಕೈ ಕೊಡುತ್ತೆ. ಬೆರಳಿಗೆ ಸಿಗಲ್ಲ. ಹತ್ತಿ ಉಂಡೆ ತಗೊಂಡು ಟೈರಿನ ಒಳಗೋಡೆಗೆ ನಿಧಾನ ಸವರಿ. ಮುಳ್ಳಿದ್ದ ಕಡೆ ಒಂದೆಳೆ ಸಿಕ್ಕಿಹಾಕಿಕೊಂಡು ಬಿಳಿ ಕೂದಲ ಥರ ನಿಲ್ಲುತ್ತೆ. ಅಲ್ಲಿ ಹೊರಗಿನಿಂದ ಸೂಜಿ ಹಾಕಿ ಎಬ್ಬಿಸಬೇಕು. ಪ್ರತಿ ಶನಿವಾರ ರಾತ್ರಿ ಇದೇ ನನ್ನ ಪೂಜೆ.

ಮೂರನೇ ಸಲ ಜುಲೈ. ಆ ಸಲ ಕೈ ಕೊಟ್ಟಿದ್ದು ಗೇರು. ಕುಮಾರಸ್ವಾಮಿ ಗುಡ್ಡ ಗೊತ್ತಲ್ಲ, ಸಂಡೂರಿನಿಂದ 11-12 ಕಿ.ಮೀ., ಸೈಕಲ್ಲಿನ ಮೀಟರ್ ಲೆಕ್ಕದಲ್ಲಿ ಸುಮಾರು 400 ಮೀಟರ್ ಏರು. ಮುಂದಿನ ಗೇರಿಗೆ 34 ಹಲ್ಲು, ಹಿಂದಿನದಕ್ಕೆ 28 ಇಟ್ಟುಕೊಂಡು ಹತ್ತೋ ವಯಸ್ಸು ನನ್ನದಲ್ಲ. ಹಿಂದೆ ಹಲ್ಲು ಜಾಸ್ತಿಯಾದಷ್ಟೂ ಹತ್ತೋದು ಹಗುರ, ಅದಕ್ಕೇ 32 ಹಲ್ಲಿನ ಕ್ಯಾಸೆಟ್ (ಹಿಂದಿನ ಗೇರುಗಳ ಗೊಂಚಲು) ಹಾಕಿಸೋಕೆ ಬೇರೆ ಊರಿನ ಒಂದು ಅಂಗಡಿಗೆ ಹೋದೆ. ಚೈನನ್ನು ಗೇರಿನಿಂದ ಗೇರಿಗೆ ಸರಿಸೋ ಹಳೇ ಶಾರ್ಟ್ ಕೇಜ್ (ಗಿಡ್ಡ ತೋಳಿನ) ಡಿರೇಲರ್‌ಗೇ ನಡೆಯುತ್ತೆ ಸಾರ್ ಅಂತ ಅವರು ಹಾಕಿಕೊಟ್ಟರು. ಆ ಡಿರೇಲರ್‌ಗೆ 28 ಹಲ್ಲು ಅಂತ ಮಿತಿ ಇತ್ತು, ನನಗೂ ಗೊತ್ತಿತ್ತು, ಆದರೂ ನಂಬಿದೆ. ಎರಡನೇ ತಿರುವಿನಲ್ಲಿ ಎದ್ದು ನಿಂತು ತುಳಿದೆ, ಕರ್ರ್ ಅಂತ ಒಂದು ಸದ್ದು, ಡಿರೇಲರ್ ಹೋಗಿ ಸ್ಪೋಕಿಗೆ ಸಿಕ್ಕಿಕೊಂಡಿತು. ಅದನ್ನು ಫ್ರೇಮಿಗೆ ಹಿಡಿದಿಡೋ ಹ್ಯಾಂಗರ್ ಮಡಚಿಹೋಯ್ತು. ಹ್ಯಾಂಗರ್ 900, ಮೀಡಿಯಂ ಕೇಜ್ ಡಿರೇಲರ್ 3,200, ಕೊರಿಯರ್ ಬರೋಕೆ ಹನ್ನೆರಡು ದಿನ. ಈಗ ಹಿಂದೆ 34 ಇದೆ. ಗಂಟೆಗೆ ಎಂಟೋ ಒಂಬತ್ತೋ ವೇಗದಲ್ಲಿ ಕೂತೇ ಹತ್ತುತ್ತೇನೆ. ನಾಚಿಕೆ ಏನಿಲ್ಲ.

ಅದೇ ಜುಲೈ ಮಳೆಯಲ್ಲಿ ಇನ್ನೊಂದು ಪಾಠ ಆಯ್ತು. ಅದಿರಿನ ಕೆಂಪು ಕೆಸರು. ನೋಡೋಕೆ ಕುಂಕುಮ ಕಲಸಿದ ಹಾಗೆ, ಕೆಲಸ ಮಾತ್ರ ಅರದ್ದು. ಮನೆಗೆ ಬಂದು ಬ್ರೇಕ್ ಪ್ಯಾಡ್ ಬಿಚ್ಚಿದರೆ ಕೆಂಪು ಗಟ್ಟಿ ಪದರದ ನಡುವೆ ಬೆಳ್ಳಗೆ ಹೊಳೆಯೋ ಚೂರುಗಳು. ಅದು ನನ್ನ ರಿಮ್ಮಿನ ಅಲ್ಯುಮಿನಿಯಂ! ಸೇಫ್ಟಿ ಪಿನ್ನಿನಲ್ಲಿ ಒಂದೊಂದೇ ಕಿತ್ತೆ, ಎಂಟೋ ಹತ್ತೋ ಇದ್ದವು. ಚೈನಿಗೆ ಹಾಕಿದ್ದ ಎಣ್ಣೆಗೆ ಅದೇ ಕೆಸರು ಮೆತ್ತಿ ಪೇಸ್ಟಾಗಿ, ಸಾವಿರ ಕಿ.ಮೀ. ಕೂಡ ಆಗದ ಚೈನು ಹಿಗ್ಗಿಹೋಗಿತ್ತು. ಅಲ್ಲಿಂದ ಎಣ್ಣೆ ಬಂದ್. ಚೈನನ್ನು ಪೆಟ್ರೋಲಿನಲ್ಲಿ ಚೆನ್ನಾಗಿ ತೊಳೆದು, ಒಣಗಿಸಿ, ಕರಗಿಸಿದ ಪ್ಯಾರಾಫಿನ್ ಮೇಣದಲ್ಲಿ ಅದ್ದೋದು. ನೇರ ಬೆಂಕಿ ಮೇಲೆ ಬೇಡ, ನೀರಿನ ಪಾತ್ರೆಯೊಳಗೆ ಪಾತ್ರೆ ಇಟ್ಟು. ಕೆ.ಜಿ. ಮೇಣ 200ರ ಆಸುಪಾಸು, ವರ್ಷ ಬರುತ್ತೆ. ಧೂಳು ಮೆತ್ತಲ್ಲ, ಒರೆಸಿದರೆ ಉದುರುತ್ತೆ. ಮಳೆಗೆ ಮಾತ್ರ ಬೇಗ ಹೋಗುತ್ತೆ, ನೆನೆದ ದಿನವೇ ಮತ್ತೆ ಅದ್ದಬೇಕು. ಮೇಣದ ಜೊತೆ ನಾನು ಇನ್ನೊಂದು ಸಾಮಾನು ಬೆರೆಸುತ್ತೇನೆ. ಅದನ್ನು ಕೇಳಬೇಡಿ. ಆ ಪಾತ್ರೆ ಇನ್ನು ಅಡುಗೆಮನೆಗೆ ಬರಬಾರದು ಅಂತ ಮನೆಯಲ್ಲಿ ತೀರ್ಮಾನ ಆಗಿದೆ.

ನಾಲ್ಕನೇ ಸಲ ಡಿಸೆಂಬರ್. ಸೈಕಲ್ ಸರಿಯಾಗಿತ್ತು, ಚಳಿ ಚೆನ್ನಾಗಿತ್ತು, ಗುಡ್ಡ ಆರಾಮಾಗಿ ಹತ್ತಿ ಇಳಿದೆ. ಹೊಸಪೇಟೆಯಿಂದ ಪೂರ್ವಕ್ಕೆ ತಿರುಗಿದ್ದೇ ತಡ, ಎದುರುಗಾಳಿ. ಚಳಿಗಾಲದಲ್ಲಿ ನಮ್ಮ ಕಡೆ ಗಾಳಿ ಪೂರ್ವದಿಂದ ಬೀಸುತ್ತೆ, ಹೋಗುವಾಗ ಬೆನ್ನಿಗೆ ಇದ್ದದ್ದನ್ನು ನನ್ನ ಕಾಲಿನ ತಾಕತ್ತು ಅಂದುಕೊಂಡಿದ್ದೆ. ಕಮಲಾಪುರದ ತನಕ ಎಳೆದಾಡಿ, ವಾಪಸ್ ಹೊಸಪೇಟೆಗೆ ಬಂದು ರೈಲು ಹತ್ತಿದೆ.

ಅಲ್ಲಿಗೆ ಲೆಕ್ಕ ತಿಳಿಯಿತು. ಮಳೆಗಾಲದ ಗಾಳಿ ಪಶ್ಚಿಮದ್ದು. ಕತ್ತಲಲ್ಲಿ ಗಾಳಿ ಮಲಗಿರೋವಾಗಲೇ ಪಶ್ಚಿಮಕ್ಕೆ ಹೋಗಿಬಿಡಬೇಕು, ಮಧ್ಯಾಹ್ನ ಅದು ಎದ್ದ ಮೇಲೆ ಬೆನ್ನಿಗೆ ಇಟ್ಟುಕೊಂಡು ಬರಬೇಕು. ಜುಲೈ, ಆಗಸ್ಟ್‌ನಲ್ಲಿ ಗಾಳಿ ವಿಪರೀತ. ಸೆಪ್ಟೆಂಬರ್ ಸರಿ. 1934ರಲ್ಲಿ ಬಂದಿದ್ದ ಗಾಂಧೀಜಿಯೇ ಸೆಪ್ಟೆಂಬರಿನಲ್ಲಿ ಸಂಡೂರು ನೋಡಿ ಅಂದಿದ್ದರು ಅಂತ ಸಂಡೂರಿನವರು ಇಂದಿಗೂ ಹೇಳ್ತಾರೆ. ಅವರು ಹಸಿರಿಗೆ ಹೇಳಿದ್ದಿರಬೇಕು, ನನಗೆ ಗಾಳಿಗೂ ಉಪಯೋಗಕ್ಕೆ ಬಂತು.

ಬೆಳಗಿನ ಜಾವ 4ಕ್ಕೆ ಬಿಟ್ಟೆ. ಹೈವೇಯಲ್ಲಿ ತೋರಣಗಲ್ಲು ಹತ್ತಿರದ ಐದಾರು ಕಿ.ಮೀ. ನಾನು ಒಂದು ಅಡ್ಡದಾರಿ ಹಿಡಿಯುತ್ತೇನೆ, ಅದನ್ನು ಕಂಡುಹಿಡಿಯೋಕೆ ಮೂರು ಭಾನುವಾರ ಹೋಗಿದೆ, ಹಾಗಾಗಿ ಇಲ್ಲಿ ಬರೆಯಲ್ಲ. ಅದಿರು ಲಾರಿ ಯಾವ ಹೊತ್ತಿಗೆ ಕಡಿಮೆ ಅನ್ನೋದನ್ನು ಚಹಾ ಅಂಗಡಿಯವರನ್ನು ಕೇಳಿ, ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ನನ್ನನ್ನು ನೋಡಿ ಒಬ್ಬ "ಎಲ್ಲಿಗಣ್ಣಾ ಇಷ್ಟೊತ್ತಿಗೆ, ಪೂಜೆಗಾ?" ಎಂದ. ಹೌದೆಂದೆ. ನಾರಿಹಳ್ಳದ ಕೆರೆ ಬರೋ ಹೊತ್ತಿಗೆ ಬೆಳಕಾಗಿತ್ತು, ನೀರಿನ ಮೇಲೆ ಮಂಜು, ಗುಡ್ಡದ ನೆತ್ತಿ ಕಾಣ್ತಿರಲಿಲ್ಲ.

ಊಟದ ವಿಷಯ. ಒಗ್ಗರಣೆ ಮಿರ್ಚಿ ತಿಂದು ಗುಡ್ಡ ಹತ್ತಬೇಡಿ, ಒಂದು ಸಲ ತಿಂದು ದೇವಸ್ಥಾನದ ತನಕ ಎದೆ ಉರಿ ಅನುಭವಿಸಿದ್ದೇನೆ. ಈ ಸಲ ಶೇಂಗಾ ಹೋಳಿಗೆ ನಾಲ್ಕು ತುಂಡು ಮಾಡಿ ಜೆರ್ಸಿ ಜೇಬಿನಲ್ಲಿ ಇಟ್ಟಿದ್ದೆ. ಗಂಟಲು ಒಣಗುತ್ತೆ, ನೀರು ಜಾಸ್ತಿ ಬೇಕು, ಆದರೆ 60 ರೂಪಾಯಿಯ ಎನರ್ಜಿ ಜೆಲ್‌ಗಿಂತ ಎಷ್ಟೋ ವಾಸಿ. ರಾಗಿ ಅಂಬಲಿಯನ್ನು ಬಾಟಲಿಗೆ ಹಾಕಿಯೂ ನೋಡಿದ್ದೇನೆ, ಮುಚ್ಚಳ ಕಟ್ಟಿಕೊಳ್ಳುತ್ತೆ.

ಗುಡ್ಡದ ಮೇಲೆ 8ರ ಸುಮಾರಿಗೆ. ಕುಮಾರಸ್ವಾಮಿಗೂ ಪಾರ್ವತಮ್ಮನಿಗೂ ಕೈಮುಗಿದು ಹತ್ತೇ ನಿಮಿಷಕ್ಕೆ ಇಳಿದೆ. ಇಳಿಯುವಾಗ ತಿರುವಿನಲ್ಲಿ ಅದಿರಿನ ಸಣ್ಣ ಗುಂಡುಗಳು ಬಿದ್ದಿರುತ್ತವೆ, ಅಲ್ಲಿ ಜಂಬ ಬೇಡ. ಸಂಡೂರಿನಿಂದ ಹೊಸಪೇಟೆ ಕಡೆಯ ದಾರಿಯಲ್ಲಿ ಕಾಡು, ನೆರಳು, ಏರಿಳಿತ, ಇಡೀ ಸುತ್ತಿನಲ್ಲಿ ನನಗೆ ಇಷ್ಟವಾದ ತುಂಡು ಅದೇ. ಹೊಸಪೇಟೆ ಆದಮೇಲೆ ದರೋಜಿ ಮೇಲಿನ ದಾರಿ ಸ್ವಲ್ಪ ಹತ್ತಿರ. ಆದರೆ ಅಲ್ಲಿ ಕರಡಿಧಾಮ ಇದೆ, ಸಂಜೆಯಾದರೆ ಕರಡಿಗಳು ಹೊರಗೆ ಬರ್ತವೆ. ತಡವಾದರೆ ಅಂತ ಕಂಪ್ಲಿ ದಾರಿಯನ್ನೇ ಆರಿಸಿದ್ದೆ. ಕಂಪ್ಲಿಯಿಂದ ಕುರುಗೋಡಿಗೆ ಸಪಾಟು, ಎರಡೂ ಕಡೆ ಭತ್ತ, ಕಾಲುವೆ ತುಂಬಾ ನೀರು, ಬೆನ್ನಿಗೆ ಗಾಳಿ. ಮೂವತ್ತರ ಮೇಲೆ ಓಡಿತು, ಸುಳ್ಳಲ್ಲ. ಐದಕ್ಕೆ ಹತ್ತು ನಿಮಿಷ ಇರುವಾಗ ಮನೆ.

ಹಿರಿಯರಿಗೆ ಮೀಟರಿನ ಫೋಟೋ ಕಳಿಸಿದೆ. "ಕಾರಲ್ಲಿ ಇಟ್ಕೊಂಡು ಹೋಗಿರ್ತೀಯ" ಅಂತ ಉತ್ತರ ಬಂತು. ಮಾರನೇ ದಿನ ಬೆಳಿಗ್ಗೆ ಅವರೇ ಮನೆಗೆ ಬಂದು, ಹಿಂದಿನ ಟೈರ್ ಬಿಚ್ಚು ಎಂದರು. ಹತ್ತಿ ಸವರಿದೆ. ಮೂರು ಕಡೆ ಎಳೆ ನಿಂತಿತು, ಮೂರೂ ಜಾಲಿ ಮುಳ್ಳು, ಒಂದೂ ಟ್ಯೂಬ್ ಮುಟ್ಟಿರಲಿಲ್ಲ. ಅವರು ಒಂದು ಮುಳ್ಳನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡಿ, ಟೈರ್ ಎಷ್ಟು ಬಿತ್ತು ಅಂತ ಕೇಳಿದರು.